ಅಜ್ಜನ ಹೆಸರು ಮೊಮ್ಮಗನಿಗೆ: ಹೆಸರಿನ ಜಾಡು ಹಿಡಿದು ಹಿರಿಯರನ್ನು ಹುಡುಕುವ ಬಗೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯಲ್ಲಿ ಒಬ್ಬ ಮನುಷ್ಯನ ಪೂರ್ಣ ಹೆಸರಿಗೆ ಮೂರು ಭಾಗ: ಸ್ವಂತ ಹೆಸರು, ತಂದೆಯ ಹೆಸರು, ಅಡ್ಡಹೆಸರು. ಹಿರಿಮಗನಿಗೆ ಅವನ ಅಜ್ಜನ ಹೆಸರಿಡುವುದು ಇಲ್ಲಿಯ ಹಳೆಯ ರೂಢಿ. ಈ ಎರಡೂ ಕೂಡಿದರೆ ಏನಾಗುತ್ತದೆ ನೋಡಿ. ಮಾದರಿಗೆ ಬಸಪ್ಪ ಸಂಗಪ್ಪ ಹೊಸಮನಿ ಎಂಬ ಹೆಸರು ಇಟ್ಟುಕೊಳ್ಳೋಣ. ಅವನ ಹಿರಿಮಗ ಸಂಗಪ್ಪ ಬಸಪ್ಪ ಹೊಸಮನಿ. ಅವನ ಹಿರಿಮಗ ಮತ್ತೆ ಬಸಪ್ಪ ಸಂಗಪ್ಪ ಹೊಸಮನಿ. ಅಜ್ಜ, ಮೊಮ್ಮಗ ಇಬ್ಬರ ಹೆಸರೂ ಅಕ್ಷರ ಬಿಡದೆ ಒಂದೇ. ವಂಶಾವಳಿ ಬರೆಯುವವರು ಹೆಚ್ಚಾಗಿ ಎಡವುವುದು ಇಲ್ಲೇ. ಎರಡು ತಲೆಮಾರಿನ ಇಬ್ಬರನ್ನು ಒಬ್ಬನೆಂದು ಹಿಡಿದರೆ ನಡುವಿನವರು ಕಾಣೆಯಾಗುತ್ತಾರೆ, ಮೊಮ್ಮಗನ ಮಕ್ಕಳು ಅಜ್ಜನ ಮಕ್ಕಳಾಗಿ ಬಿಡುತ್ತಾರೆ.

ಆದರೆ ಇದೇ ರೂಢಿ ದಾರಿಯನ್ನೂ ತೋರುತ್ತದೆ. ಗೊತ್ತಿರುವ ಹೆಸರುಗಳಿಂದ ಗೊತ್ತಿಲ್ಲದ ಮೇಲಿನ ಹೆಸರನ್ನು ಮೊದಲೇ ಊಹಿಸಬಹುದು, ಆಮೇಲೆ ದಾಖಲೆಯಲ್ಲಿ ಆ ಹೆಸರನ್ನೇ ಹುಡುಕಬಹುದು. ಹೆಸರು ಊಹೆಗೆ, ದಾಖಲೆ ಖಾತ್ರಿಗೆ. ಈ ಎರಡನ್ನು ಅದಲುಬದಲು ಮಾಡಬಾರದು.

ಈ ಪದ್ಧತಿ ಎಷ್ಟು ಹಳೆಯದು ಎಂಬುದಕ್ಕೆ ಬಾದಾಮಿ ಚಾಲುಕ್ಯರನ್ನೇ ನೋಡಿ. ಬಾದಾಮಿಯ ಕೋಟೆ ಕಟ್ಟಿಸಿದ್ದನ್ನು ಹೇಳುವ 543ರ ಬಂಡೆಗಲ್ಲಿನ ಶಾಸನ ಮೊದಲನೆಯ ಪುಲಕೇಶಿಯದು. ಇಮ್ಮಡಿ ಪುಲಕೇಶಿ ಪಟ್ಟಕ್ಕೆ ಬಂದದ್ದು 610ರ ಸುಮಾರಿಗೆ. ಇಮ್ಮಡಿ ಪುಲಕೇಶಿ ಮೊದಲನೆಯವನ ಮಗನಲ್ಲ, ಮೊಮ್ಮಗ, ಅವನ ತಂದೆ ಕೀರ್ತಿವರ್ಮ. ಐಹೊಳೆಯ ಮೇಗುತಿ ಗುಡಿಯ ಶಾಸನ ಈ ಸಾಲನ್ನು ಕ್ರಮವಾಗಿ ಹೇಳುತ್ತದೆ. ಕೀರ್ತಿವರ್ಮನ ನಂತರ ಆಳಿದ ಮಂಗಳೇಶ ಅವನ ತಮ್ಮ. ಬರೀ ಆಳಿದವರ ಪಟ್ಟಿ ಹಿಡಿದು ಹೊರಟರೆ ಮಂಗಳೇಶನನ್ನು ಒಂದು ತಲೆಮಾರೆಂದು ಎಣಿಸಿಬಿಡುತ್ತೇವೆ. ಹೊಲದ ಉತಾರದಲ್ಲೂ (ಪಹಣಿ) ಇದೇ ಆಗುತ್ತದೆ: ಅಣ್ಣ ತೀರಿಕೊಂಡಾಗ ಮಕ್ಕಳು ಸಣ್ಣವರಿದ್ದರೆ ಕೆಲ ವರ್ಷ ಕಾಕಾನ ಹೆಸರು ನಡೆದಿರುತ್ತದೆ. ಹೆಸರು ಬಂದ ಕ್ರಮವೇ ತಲೆಮಾರಿನ ಕ್ರಮ ಅಲ್ಲ.

ಮೊದಲು ಮನೆಯಲ್ಲಿ, ಅದರಲ್ಲೂ ಅತ್ತಿಯನ್ನು ಕೇಳಿ

ತೊಟ್ಟಿಲ ದಿನ ಕೂಸಿನ ಕಿವಿಯಲ್ಲಿ ಹೆಸರು ಹೇಳುವವಳು ಸೋದರತ್ತೆ. ಯಾರ ಹೆಸರು ಯಾರಿಗೆ, ಯಾಕೆ ಇಟ್ಟರು ಎಂಬುದು ಮನೆಯ ಗಂಡಸರಿಗಿಂತ ಆಕೆಗೆ ಚೆನ್ನಾಗಿ ನೆನಪಿರುತ್ತದೆ. ಬೇರೆ ಊರಿಗೆ ಕೊಟ್ಟ ಅತ್ತಿ, ಅಜ್ಜನ ಅಕ್ಕತಂಗಿಯರು ಯಾರಾದರೂ ಇದ್ದರೆ ಮೊದಲು ಅವರ ಹತ್ತಿರ ಹೋಗಿ. "ನಿಮ್ಮ ಮುತ್ಯಾನ (ಅಜ್ಜನ) ಹೆಸರೇನು" ಎಂದಷ್ಟೇ ಕೇಳಿದರೆ ಒಂದು ಹೆಸರು ಬಂದು ನಿಲ್ಲುತ್ತದೆ. "ನೀವು ಅಣ್ಣತಮ್ಮಂದಿರು, ಅಕ್ಕತಂಗಿಯರು ಎಷ್ಟು ಮಂದಿ, ಹಿರಿಯರಿಂದ ಕಿರಿಯರವರೆಗೆ ಹೇಳ್ರಿ, ಒಬ್ಬೊಬ್ಬರಿಗೆ ಯಾರ ಹೆಸರು ಇಟ್ಟಿದ್ರು" ಎಂದು ಕೇಳಿ. ಸಣ್ಣವರಿದ್ದಾಗಲೇ ತೀರಿಕೊಂಡವರನ್ನೂ ಬಿಡದೆ ಬರೆದುಕೊಳ್ಳಿ, ಏಕೆಂದರೆ ಅಜ್ಜನ ಹೆಸರು ಹೊತ್ತಿದ್ದ ಹಿರಿಯ ಕೂಸು ಅದೇ ಆಗಿದ್ದಿರಬಹುದು. ಆ ಹೆಸರನ್ನು ಮುಂದೆ ಹುಟ್ಟಿದ ತಮ್ಮನಿಗೇ ಮತ್ತೆ ಇಟ್ಟಿರುವುದೂ ಉಂಟು.

ಸಾಮಾನ್ಯ ಕ್ರಮ ಹೀಗೆ: ಹಿರಿಮಗನಿಗೆ ತಂದೆಯ ತಂದೆ, ಹಿರಿಮಗಳಿಗೆ ತಂದೆಯ ತಾಯಿ, ಎರಡನೆಯವರಿಗೆ ತಾಯಿಯ ತವರುಮನೆಯ ಅಜ್ಜ, ಆಯಿ, ಇಲ್ಲವೆ ಮನೆದೇವರು, ಮೂರನೆಯವರಿಂದ ಆಚೆ ದೇವರು, ಗುರು, ಹುಟ್ಟಿದ ವಾರ, ಹರಕೆ ಏನಾದರೂ ಬರಬಹುದು. ಎಲ್ಲ ಮನೆಯಲ್ಲೂ ಇದು ಚಾಚೂ ತಪ್ಪದೆ ನಡೆಯುವುದಿಲ್ಲ, ಆದರೆ ಮೊದಲ ಗಂಡು, ಮೊದಲ ಹೆಣ್ಣಿನ ಮಟ್ಟಿಗೆ ನೆಚ್ಚಿಕೊಳ್ಳಬಹುದು.

ಇದರಲ್ಲಿ ಹೆಣ್ಣುಮಕ್ಕಳ ಹೆಸರಿಗೆ ವಿಶೇಷ ಬೆಲೆಯಿದೆ. ಹಳೆಯ ಉತಾರಗಳಲ್ಲಿ ಹೆಂಗಸರ ಹೆಸರು ಬರುವುದೇ ಅಪರೂಪ. ಮುತ್ಯಾನ ತಾಯಿಯ ಹೆಸರು ಯಾವ ಕಾಗದದಲ್ಲೂ ಸಿಗದಿರಬಹುದು. ಆದರೆ ಅವಳ ಮೂವರು ಗಂಡುಮಕ್ಕಳ ಮನೆಯಲ್ಲೂ ಹಿರಿಮಗಳು ನೀಲವ್ವ ಎಂದಿದ್ದರೆ ಆಕೆ ನೀಲವ್ವ ಎಂದೇ ಬಲವಾಗಿ ಊಹಿಸಬಹುದು. ಗಂಡಸರಿಗೂ ಇದೇ ಲೆಕ್ಕ. ಒಂದೇ ಅಡ್ಡಹೆಸರಿನ ಮೂರು ನಾಲ್ಕು ಮನೆಗಳಲ್ಲಿ, ಇಪ್ಪತ್ತು ಇಪ್ಪತ್ತೈದು ವರ್ಷದ ಅಂತರದೊಳಗೆ ಹುಟ್ಟಿದ ಹಿರಿಮಕ್ಕಳೆಲ್ಲ ಸಂಗಪ್ಪ ಆಗಿದ್ದರೆ ಆ ಮನೆಗಳ ತಂದೆಯರು ಒಬ್ಬ ಸಂಗಪ್ಪನ ಮಕ್ಕಳಾಗಿರುವ ಸಂಭವ ಬಹಳ. ಅಂಥ ಸಂಗಪ್ಪರನ್ನು ಬೇರೆಬೇರೆ ಹಿಡಿಯುವುದು ನಡುವಿನ ಹೆಸರಿನಿಂದ, ಅಂದರೆ ತಂದೆಯ ಹೆಸರಿನಿಂದ. ದೊಡ್ಡಬಸಪ್ಪ, ಸಣ್ಣಬಸಪ್ಪ, ಕರಿಬಸಪ್ಪ ಎಂದು ಕಂಡರೆ ಅದೇ ಓಣಿಯಲ್ಲಿ ಆಗ ಇನ್ನೊಬ್ಬ ಬಸಪ್ಪ ಇದ್ದನೋ ಎಂದು ಹುಡುಕಿ ನೋಡಿ.

ಇನ್ನೆರಡು ರೂಢಿಗಳನ್ನು ಮನಸ್ಸಿನಲ್ಲಿಡಬೇಕು. ಬಹಳ ಮನೆಗಳಲ್ಲಿ ಹಿರಿಯರು ಬದುಕಿರುವಾಗ ಅವರ ಹೆಸರನ್ನು ಕೂಸಿಗೆ ಇಡುವುದಿಲ್ಲ. ಹಿರಿಮೊಮ್ಮಗನಿಗೆ ಅಜ್ಜನ ಹೆಸರು ಇಲ್ಲದೆ ಮೂರನೆಯವನಿಗೆ ಇದ್ದರೆ, ಆ ಎರಡು ಹುಟ್ಟಿನ ನಡುವೆ ಅಜ್ಜ ತೀರಿಕೊಂಡಿರಬಹುದು. ಸಾವಿನ ನೋಂದನ್ನು ಆ ವರ್ಷಗಳಲ್ಲೇ ಮೊದಲು ಹುಡುಕಿ. ಎರಡನೆಯದು, ಸೊಸೆ ಮಾವನ ಹೆಸರು ಹಿಡಿದು ಕರೆಯುವುದಿಲ್ಲ. ಮಗನಿಗೆ ಆ ಹೆಸರಿದ್ದರೆ ಅವಳು ಅಪ್ಪಾಸಾಬ, ಬಾಬು, ಅಣ್ಣಪ್ಪ, ತಮ್ಮಣ್ಣ ಎಂದು ಕರೆಯುತ್ತಾಳೆ. ಕೆಲವು ಕಡೆ ಆ ಕರೆಯುವ ಹೆಸರೇ ಶಾಲೆಗೆ ಹೋಗಿದೆ, ತೊಟ್ಟಿಲ ಹೆಸರು ಹೊಲದ ಕಾಗದದಲ್ಲಿ ಉಳಿದಿದೆ. ದಾಖಲೆಯಲ್ಲಿ "ಬಸಪ್ಪ ಉರ್ಫ ಅಪ್ಪಾಸಾಬ" ಎಂದು ಸಿಕ್ಕರೆ ಅದನ್ನು ಹಾಗೇ ಬರೆದುಕೊಳ್ಳಿ, ಒಂದನ್ನು ಬಿಟ್ಟು ಶುದ್ಧ ಮಾಡಬೇಡಿ.

ಹೊಸ ಕಾಲದ ಹೆಸರಿನೊಳಗೂ ಹಳೆಯದು ಇರುತ್ತದೆ. ಸಂಗಪ್ಪನ ಮೊಮ್ಮಗ ಸಂಗಮೇಶ, ಮಲ್ಲಪ್ಪನ ಮೊಮ್ಮಗ ಮಲ್ಲಿಕಾರ್ಜುನ, ಈರಪ್ಪನ ಮೊಮ್ಮಗ ವೀರೇಶ, ಬಸಪ್ಪನ ಮೊಮ್ಮಗ ಬಸವರಾಜ. ಈರಪ್ಪ ಮತ್ತು ವೀರಪ್ಪ, ಹಣಮಪ್ಪ ಮತ್ತು ಹನುಮಂತಪ್ಪ, ಯಂಕಪ್ಪ ಮತ್ತು ವೆಂಕಪ್ಪ, ಭರಮಪ್ಪ ಮತ್ತು ಬರಮಪ್ಪ ಒಬ್ಬನೇ ಇರಬಹುದು. ಬಸಪ್ಪ, ಬಸಲಿಂಗಪ್ಪ, ಬಸವಣ್ಣೆಪ್ಪ ಹಾಗಲ್ಲ. ಒಂದೇ ಮನೆಯ ಮೂವರು ಅಣ್ಣತಮ್ಮಂದಿರೂ ಆಗಿರಬಹುದು.

ದೇವರ ಹೆಸರು ಎಲ್ಲಿಗೆ ಬೆರಳು ತೋರುತ್ತದೆ

ಮನೆದೇವರು ಸುಲಭಕ್ಕೆ ಬದಲಾಗುವುದಿಲ್ಲ. ಮನೆತನ ಊರು ಬಿಟ್ಟರೂ ನಡೆದುಕೊಳ್ಳುವ ದೇವರು ಹಳೆಯದೇ ಇರುತ್ತದೆ. ಯಲ್ಲಪ್ಪ, ಯಲ್ಲವ್ವ ಎಂದರೆ ಸವದತ್ತಿ. ಸಂಗಪ್ಪ, ಸಂಗವ್ವ ಎಂದರೆ ಕೂಡಲಸಂಗಮ. ಬನಪ್ಪ, ಬನವ್ವ ಎಂದರೆ ಬಾದಾಮಿಯ ಬನಶಂಕರಿ. ಮಾಯಪ್ಪ, ಮಾಯವ್ವ ಎಂದರೆ ರಾಯಬಾಗ ತಾಲೂಕಿನ ಚಿಂಚಲಿ. ಮಹಾಲಿಂಗಪ್ಪ ಎಂದರೆ ಮಹಾಲಿಂಗಪುರ. ಈರಪ್ಪನಿಗೆ ರಾಮದುರ್ಗ ತಾಲೂಕಿನ ಗೊಡಚಿ, ಇಲ್ಲವೆ ಕೃಷ್ಣಾ ತೀರದ ಯಡೂರು. ವಿಜಯಪುರ ಕಡೆಯ ಅಮೋಗಸಿದ್ದ ಅರಕೇರಿಯವನು. ಮಾಳಪ್ಪ ಹುಲಜಂತಿಯ ಮಾಳಿಂಗರಾಯನ ಹೆಸರು, ದಾನಮ್ಮ ಗುಡ್ಡಾಪುರದವಳು. ಈ ಎರಡೂ ಕ್ಷೇತ್ರ ಈಗ ಮಹಾರಾಷ್ಟ್ರದಲ್ಲಿವೆ. ಯಲ್ಲಪ್ಪ, ಮಲ್ಲಪ್ಪ, ಬಸಪ್ಪ ಎಲ್ಲ ಕಡೆ ಇದ್ದಾರೆ, ಅವರಿಂದ ಹೆಚ್ಚು ಸಿಗುವುದಿಲ್ಲ. ನಿಮ್ಮ ಊರಿನಲ್ಲಿ ಬೇರೆ ಯಾರ ಮನೆಯಲ್ಲೂ ಇಲ್ಲದ ದೇವರ ಹೆಸರು ನಿಮ್ಮ ಮನೆಯಲ್ಲಿ ತಲೆಮಾರಿನಿಂದ ತಲೆಮಾರಿಗೆ ಬರುತ್ತಿದ್ದರೆ ಅದನ್ನು ಹಿಡಿದುಕೊಳ್ಳಿ. ಮೂಲ ಊರು ಆ ದೇವರ ಸುತ್ತಮುತ್ತ ಇರಬಹುದು, ಅಥವಾ ಆ ಹೆಸರು ಒಬ್ಬ ಸೊಸೆಯ ತವರಿನಿಂದ ಬಂದಿರಬಹುದು.

ತಿಪ್ಪಣ್ಣ, ಗುಂಡಪ್ಪ, ಹುಚ್ಚಪ್ಪ, ಅಡಿವೆಪ್ಪ ಇಂಥ ಹೆಸರುಗಳನ್ನು ಹಿಂದಿನ ಕೂಸುಗಳು ಉಳಿಯದಿದ್ದಾಗ ಇಟ್ಟಿರುವುದುಂಟು. ಇದು ಆ ಹೆಸರಿನ ಮೊದಲನೆಯವನಿಗೆ ಮಾತ್ರ ಸಲ್ಲುವ ಮಾತು. ಅವನ ಮೊಮ್ಮಗ ತಿಪ್ಪಣ್ಣನಿಗೆ ಅದು ಬರೀ ಅಜ್ಜನ ಹೆಸರು.

ಅಡ್ಡಹೆಸರನ್ನು ಓದುವ ಬಗೆ

ಅಡ್ಡಹೆಸರು ಒಂದೇ ಎಂದ ಮಾತ್ರಕ್ಕೆ ರಕ್ತಸಂಬಂಧ ಇರಬೇಕಿಲ್ಲ. ಪಾಟೀಲ, ಕುಲಕರ್ಣಿ, ದೇಸಾಯಿ, ನಾಡಗೌಡ, ತಳವಾರ, ವಾಲಿಕಾರ ಇವು ವತನದ, ಅಂದರೆ ವಂಶಪಾರಂಪರ್ಯವಾಗಿ ಬಂದ ಹುದ್ದೆಗಳು. ಊರಿಗೊಬ್ಬ ಪಾಟೀಲ ಇದ್ದ, ಲಿಂಗಾಯತರಲ್ಲೂ ಜೈನರಲ್ಲೂ ಮರಾಠರಲ್ಲೂ ಮುಸ್ಲಿಮರಲ್ಲೂ ಇದ್ದ. ಬಡಿಗೇರ, ಕಂಬಾರ, ಪತ್ತಾರ, ಹೂಗಾರ, ಗಾಣಿಗೇರ, ನದಾಫ, ಬಾಗವಾನ, ಅತ್ತಾರ ಇವು ಕಸುಬು. ಮೆಣಸಿನಕಾಯಿ, ಬೆಲ್ಲದ, ಉಳ್ಳಾಗಡ್ಡಿ ಇಂಥವು ವ್ಯಾಪಾರದಿಂದ ಬಂದವು ಎನ್ನುತ್ತಾರೆ. ಮನೆಮನೆಗೆ ಬೇರೆ ಕಥೆ ಇದ್ದೀತು. ಹೊಸಮನಿ, ದೊಡ್ಡಮನಿ, ಮೇಲಿನಮನಿ ಇದ್ದಲ್ಲಿ ಅದೇ ಊರಿನಲ್ಲಿ ಒಡೆದ ಇನ್ನೊಂದು ಮನೆ ಯಾವುದು ಎಂದು ಕೇಳಬೇಕು.

ಹುಡುಕುವವರಿಗೆ ಎರಡು ಬಗೆಯ ಅಡ್ಡಹೆಸರು ಹೆಚ್ಚು ಸುಳಿವು ಕೊಡುತ್ತವೆ. ಊರಿನ ಹೆಸರು ಮೊದಲನೆಯದು: ಬೀಳಗಿ, ಹಲಗಲಿ, ಇಂಗಳಗಿ, ಅಥವಾ ಮರಾಠಿ ಪ್ರಭಾವ ಇದ್ದಲ್ಲಿ ಅಥಣಿಕರ, ಮುಧೋಳಕರ. ಊರಲ್ಲೇ ಇರುವವನನ್ನು ಊರ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಆದ್ದರಿಂದ ಬೀಳಗಿ ಎಂಬ ಅಡ್ಡಹೆಸರಿನ ಮನೆ ಬೀಳಗಿ ಬಿಟ್ಟು ಬಂದದ್ದು, ಮತ್ತು ಅಲ್ಲಿ ಉಳಿದ ಅಣ್ಣತಮ್ಮಂದಿರಿಗೆ ಬೇರೆಯೇ ಅಡ್ಡಹೆಸರು ಇದ್ದೀತು. ಬೀಳಗಿಗೆ ಹೋಗಿ "ಬೀಳಗಿ ಮನೆತನ ಯಾವುದು" ಎಂದು ಕೇಳಿದರೆ ಯಾರಿಗೂ ತಿಳಿಯುವುದಿಲ್ಲ; ಬೆಡಗು (ಗೋತ್ರದಂಥ ಕುಲದ ಹೆಸರು), ಮನೆದೇವರು, ಗುರುಮಠ ಹೇಳಿ ಕೇಳಬೇಕು.

ಎರಡನೆಯದು ಹಿರಿಯನ ಹೆಸರನ್ನೇ ಹೊತ್ತವು: ಮಲ್ಲಪ್ಪನವರ, ರಾಯಣ್ಣವರ; ಗೋಕಾಕ, ಹುಕ್ಕೇರಿ, ಚಿಕ್ಕೋಡಿ ಕಡೆಯಾದರೆ ಬಾಳಪ್ಪಗೋಳ, ಸಂಗಪ್ಪಗೋಳ. ಆ ಬಾಳಪ್ಪ ನಿಜವಾದ ಒಬ್ಬ ಹಿರಿಯ. ಅಡ್ಡಹೆಸರು ಗಟ್ಟಿಯಾಗುವ ಮುಂಚೆ ಅವನ ಮಕ್ಕಳು ಮೊಮ್ಮಕ್ಕಳನ್ನು ಊರವರು "ಬಾಳಪ್ಪನ ಮನಿಯವರು" ಎನ್ನುತ್ತಿದ್ದರು. ಅದೇ ಹೆಸರು ಮನೆಯಲ್ಲಿ ಒಂದು ಬಿಟ್ಟು ಒಂದು ತಲೆಮಾರಿಗೆ ಇನ್ನೂ ಬರುತ್ತಿದ್ದರೆ ಹಿಂದಕ್ಕೆ ಎಣಿಸುತ್ತ ಹೋಗಿ.

ಅಡ್ಡಹೆಸರನ್ನು ಬಹಳ ಮನೆಗಳಿಗೆ ಕಾಯಂ ಮಾಡಿದ್ದು ಶಾಲೆ, ಪಲ್ಟಣ (ಸೈನ್ಯ), ನೌಕರಿ. ಅದಕ್ಕೂ ಹಿಂದಿನ ಕಾಗದದಲ್ಲಿ ಒಬ್ಬನೇ ಮನುಷ್ಯ ಒಂದು ಕಡೆ ಪಾಟೀಲ, ಇನ್ನೊಂದು ಕಡೆ ಗೌಡರ ಎಂದಿರಬಹುದು.

ಉತಾರ ಮತ್ತು ವಾರಸಾ ನೋಂದು

ಹೊಲ ಇದ್ದ ಮನೆಯಾದರೆ ಇಂದಿನ ಉತಾರದಿಂದ ಶುರು ಮಾಡಿ. 9ನೇ ಕಾಲಮ್ಮಿನಲ್ಲಿ ಒಡೆಯನ ಹೆಸರು, 10ರಲ್ಲಿ ಅದು ಅವನಿಗೆ ಹೇಗೆ ಬಂತು ಎಂಬುದರ ಜೊತೆ ಎಂ.ಆರ್. ನಂಬರ, ಅಂದರೆ ಹಕ್ಕು ಬದಲಾವಣೆಯ ನೋಂದಿನ ನಂಬರ ಇರುತ್ತದೆ. ಹುಡುಕುವವರಿಗೆ ಬೇಕಾದದ್ದು ಆ ನಂಬರ. ಕಂಪ್ಯೂಟರಿಗೆ ಬರುವ ಮುಂಚಿನ ಕೈಬರಹದ ಉತಾರ ಮತ್ತು ಹಕ್ಕು ಬದಲಾವಣೆಯ ನಕಲಿಗೆ ತಹಶೀಲ್ದಾರ ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಡಬೇಕು. ಅರ್ಜಿಯಲ್ಲಿ ಹೆಸರು ಬರೆದರೆ ಸಾಲದು, ಊರು, ರಿ.ಸ.ನಂ. (ಸರ್ವೆ ನಂಬರ), ಹಿಸ್ಸಾ (ಅದರೊಳಗಿನ ಪಾಲಿನ ನಂಬರ), ಎಂ.ಆರ್. ನಂಬರ, ಅಂದಾಜು ವರ್ಷ ಬರೆಯಿರಿ. ಅಜ್ಜ ಮೊಮ್ಮಗ ಒಂದೇ ಹೆಸರಿನವರಾದರೂ ಸರ್ವೆ ನಂಬರ ಮತ್ತು ವರ್ಷ ಅವರನ್ನು ಬೇರೆ ಮಾಡುತ್ತವೆ.

ಒಂದು ವಾರಸಾ ನೋಂದು ಸಾಮಾನ್ಯವಾಗಿ ಹೀಗಿರುತ್ತದೆ: "ರಿ.ಸ.ನಂ. 45/2. ಕಬ್ಜೇದಾರ ಸಂಗಪ್ಪ ಬಸಪ್ಪ ಹೊಸಮನಿ ಮಯತ. ವಾರಸ ಮಕ್ಕಳು 1) ಬಸಪ್ಪ ವಯ 19, 2) ಈರಪ್ಪ ವಯ 11, ಅ.ಪಾ.ಕ. ತಾಯಿ ನೀಲವ್ವ." ಕಬ್ಜೇದಾರ ಎಂದರೆ ಹೊಲದ ಒಡೆಯ, ಮಯತ ಎಂದರೆ ತೀರಿಕೊಂಡ. ಅ.ಪಾ.ಕ. ಎಂದರೆ ಅಜ್ಞಾನ ಪಾಲನಕರ್ತ, ಅಂದರೆ ಸಣ್ಣ ಮಗನ ಪರವಾಗಿ ನಿಂತವರು. ಈ ನೋಂದು 1931ರದು ಎಂದುಕೊಳ್ಳಿ. ಬಸಪ್ಪ ಹುಟ್ಟಿದ್ದು 1912ರ ಸುಮಾರು. ಅವನಿಗೆ ಅಜ್ಜನ ಹೆಸರು ಇದೆ, ಹಾಗಾದರೆ ಅಜ್ಜ ಬಸಪ್ಪ 1912ಕ್ಕೆ ಮುಂಚೆಯೇ ತೀರಿಕೊಂಡಿರಬಹುದು. ಈ ಸೀಮೆ ಆಗ ಸೇರಿದ್ದ ಮುಂಬಯಿ ಇಲಾಖೆಯ (ಪ್ರಾಂತದ) ಹಕ್ಕುದಾಖಲೆಯ ಕಾಯ್ದೆ ಬಂದದ್ದು 1903ರಲ್ಲಿ, ಊರುಗಳಿಗೆ ಅದು ಮುಟ್ಟಿದ್ದು ಆಮೇಲೆ. ಆದ್ದರಿಂದ ಅಜ್ಜನ ಮಯತ ನೋಂದು ಇದ್ದರೆ ಆ ಕೆಲವೇ ವರ್ಷಗಳಲ್ಲಿ ಸಿಗಬೇಕು. ಸಿಗದಿದ್ದರೆ ಅವನು ಆ ದಾಖಲೆ ಶುರುವಾಗುವ ಮುಂಚಿನವನಿರಬಹುದು. ಇನ್ನು ಈರಪ್ಪ: ಇಬ್ಬರ ನಡುವೆ ಎಂಟು ವರ್ಷದ ಅಂತರವಿದೆ, ನಡುವೆ ಹೆಣ್ಣುಮಕ್ಕಳೋ ಉಳಿಯದ ಕೂಸುಗಳೋ ಇದ್ದಿರಬೇಕು. ಅವನ ಹೆಸರು ನೀಲವ್ವನ ತಂದೆಯದೋ ಏನೋ ಎಂದು ಅವಳ ತವರಿನಲ್ಲಿ ವಿಚಾರಿಸಿ. ತೀರಿಕೊಂಡ ಸಂಗಪ್ಪ ಹಿರಿಮಗನಾಗಿದ್ದರೆ ಅವನ ಅಜ್ಜನೂ ಸಂಗಪ್ಪನೇ ಇರಬಹುದು. ಮೂರು ಸಾಲಿನ ನೋಂದಿನಲ್ಲಿ ನಾಲ್ಕು ತಲೆಮಾರಿನ ಸುಳಿವಿದೆ.

ನೋಂದಿನ ಮಾದರಿಯನ್ನೂ ನೋಡಿ. ವಾರಸಾ ಎಂದಿದ್ದರೆ ಸಾವಿನಿಂದ ಬಂದದ್ದು, ವಾಟ್ನಿ ಎಂದರೆ ಪಾಲು, ಖರೀದಿ, ಬಕ್ಷೀಸ ಎಂದರೆ ಹೊರಗಿನವರಿಗೂ ಹೋಗಿರಬಹುದು. 45ನೇ ನಂಬರ ಯಾವ ವರ್ಷ 45/1, 45/2, 45/3 ಆಯಿತೋ ಆ ವರ್ಷದ ವಾಟ್ನಿಯಲ್ಲಿ ಅಣ್ಣತಮ್ಮಂದಿರ ಹೆಸರೆಲ್ಲ ಒಂದೇ ಹಾಳೆಯಲ್ಲಿ ಸಿಗುತ್ತವೆ. ಅಲಮಟ್ಟಿ ಹಿನ್ನೀರಿನಲ್ಲಿ ಮನೆ, ಹೊಲ ಕಳೆದುಕೊಂಡವರು ಭೂಸ್ವಾಧೀನದ ಕಡತ ನೋಡಬೇಕು. ಪರಿಹಾರ ಹಂಚುವಾಗ ವಾರಸುದಾರರನ್ನು ಅಲ್ಲಿ ಬರೆದಿರುತ್ತಾರೆ. ವತನದ ಮನೆಗಳಿಗೆ, ಅಂದರೆ ಪಾಟೀಲ, ಕುಲಕರ್ಣಿಗಳಷ್ಟೇ ಅಲ್ಲ, ತಳವಾರ, ವಾಲಿಕಾರರಿಗೂ ವತನ ಕಡತಗಳಲ್ಲಿ ವಂಶಾವಳಿ ಸಿಗುವ ಅವಕಾಶ ಇದೆ, ಯಾಕೆಂದರೆ ಸರದಿ ಯಾರದು ಎಂದು ತೀರ್ಮಾನಿಸಲು ಅದು ಬೇಕಿತ್ತು.

ಹೊಲ ಇಲ್ಲದವರಿಗೆ ಊರಿನ ಕನ್ನಡ ಶಾಲೆಯ ಜನರಲ್ ರಜಿಸ್ಟರು ಮೊದಲ ಆಸರೆ. ತಂದೆಯ ಹೆಸರು, ಹುಟ್ಟಿದ ಊರು ಅದರಲ್ಲಿ ಇರುತ್ತವೆ. ಹುಟ್ಟಿದ ದಿನ ಜೂನ್ 1 ಎಂದಿದ್ದರೆ ಅದು ಹೆಚ್ಚಾಗಿ ಮಾಸ್ತರರು ಬರೆದುಕೊಂಡ ಅಂದಾಜು, ವರ್ಷವೂ ಒಂದೆರಡು ಹಿಂದೆ ಮುಂದೆ ಇದ್ದೀತು.

ಹೆಳವರು ಬಂದಾಗ

ಹೆಳವರು ಎಂದರೆ ಮನೆಮನೆಗೆ ಬಂದು ವಂಶಾವಳಿ ಹೇಳುವ ಸಮುದಾಯದವರು. ಒಕ್ಕಲುತನದ ಬಹಳ ಮನೆತನಗಳ ವಂಶಾವಳಿ ಅವರ ಹೊತ್ತಿಗೆಯಲ್ಲಿದೆ. ಸುಗ್ಗಿಯ ನಂತರ ಎತ್ತಿನೊಡನೆ ಬರುತ್ತಾರೆ, ಹಲವು ವರ್ಷಕ್ಕೊಮ್ಮೆ ಬರುವವರೂ ಇದ್ದಾರೆ. ಯಾವ ಮನೆತನ ಯಾವ ಹೆಳವರಿಗೆ ಎಂಬ ಹಂಚಿಕೆ ಅವರಲ್ಲೇ ಇದೆ, ಆದ್ದರಿಂದ ಸಿಕ್ಕ ಹೆಳವರೆಲ್ಲ ನಿಮ್ಮ ಕುಲ ಹೇಳಲಾರರು. ಹಿಂದೆ ಬಂದವರು ಯಾರು ಎಂದು ಅಣ್ಣತಮ್ಮಂದಿರ ಮನೆಗಳಲ್ಲಿ ವಿಚಾರಿಸಿ ಫೋನ್ ನಂಬರ ಹಿಡಿಯಿರಿ. ಕಾಳು, ಬಟ್ಟೆ, ದುಡ್ಡು ಕೊಡುವುದು ಅವರ ಹಕ್ಕು, ಚೌಕಾಸಿ ಮಾಡಬೇಡಿ.

ಅವರು ಹಾಡಿದಂತೆ ಹೇಳುವಾಗ ನಡುವೆ ಬಾಯಿ ಹಾಕಬಾರದು. ಕೇಳಿ ರೆಕಾರ್ಡ್ ಮಾಡಿಕೊಂಡು, ಮುಗಿದ ಮೇಲೆ ಒಂದೊಂದೇ ಹೆಸರಿಗೆ ಪ್ರಶ್ನೆ ಕೇಳಿ. ಮೂಲ ಊರು, ಬೆಡಗು, ಯಾವ ಹಿರಿಯನ ಕಾಲಕ್ಕೆ ಊರು ಬಿಟ್ಟರು, ಯಾರಿಂದ ಯಾರು ಒಡೆದರು, ಈ ನಾಲ್ಕು ಮುಖ್ಯ. ಮೇಲಿನ ತುದಿಯಲ್ಲಿ ಬರುವ ಪುರಾಣದ ಭಾಗವನ್ನು ಬೇರೆ ಹಾಳೆಯಲ್ಲಿ ಗೌರವದಿಂದ ಬರೆದಿಡಿ, ವಂಶಾವಳಿಗೆ ಜೋಡಿಸಬೇಡಿ. ಹೆಣ್ಣುಮಕ್ಕಳ ಹೆಸರು ಅಲ್ಲಿ ಕಡಿಮೆ, ಅದನ್ನು ಅತ್ತಿಯರ ಪಟ್ಟಿಯಿಂದ ತುಂಬಬೇಕು. ಕಾಶಿ, ಗಯಾ, ನಾಸಿಕ, ತ್ರ್ಯಂಬಕಕ್ಕೆ ಹೋಗಿ ಬಂದ ಮನೆತನದವರು ಅಲ್ಲಿಯ ತೀರ್ಥಪುರೋಹಿತರ ವಹಿಗಳನ್ನೂ ನೋಡಬಹುದು. ಅಲ್ಲಿ ಊರು ಮತ್ತು ಅಡ್ಡಹೆಸರು ಹೇಳಿ ಕೇಳಬೇಕು, ಊರಿನ ಹಳೆಯ ಹೆಸರನ್ನೂ ಹಳೆಯ ತಾಲೂಕನ್ನೂ ಹೇಳಬೇಕು.

ಸರಪಳಿ ಎಲ್ಲಿ ಹರಿಯುತ್ತದೆ

ದತ್ತಕ ಬಂದಲ್ಲಿ ಹೆಸರು ಪೂರ್ತಿ ಬದಲಾಗುತ್ತದೆ. ಕಿತ್ತೂರಿನಲ್ಲಿ 1824ರಲ್ಲಿ ದತ್ತಕ ಪಡೆದ ಶಿವಲಿಂಗಪ್ಪನಿಗೆ ಸವಾಯಿ ಮಲ್ಲಸರ್ಜ ಎಂದು ಹೆಸರಾಯಿತು. ಮಲ್ಲಸರ್ಜ ಹೊಸ ಮನೆಯ ಅಜ್ಜ. ಸಾಮಾನ್ಯ ಮನೆಗಳಲ್ಲೂ ಹೀಗೆಯೇ, ಹುಟ್ಟಿದ ಮನೆಯ ಹೆಸರು ಬಿಟ್ಟು ಬಂದ ಮನೆಯ ಹಿರಿಯರ ಹೆಸರು ಹೊತ್ತವರಿದ್ದಾರೆ. ಅಂಥವನಿಗೆ ಎರಡು ಸಾಲು ಬರೆಯಿರಿ, ಹುಟ್ಟಿದ್ದು ಒಂದು, ಬಂದದ್ದು ಒಂದು. ಮನೆಅಳಿಯತನ ಇದ್ದಲ್ಲಿ ಮಕ್ಕಳಿಗೆ ತಾಯಿಯ ಮನೆಯ ಅಡ್ಡಹೆಸರು ಬಂದಿರುತ್ತದೆ, ಆಗ ಹಿರಿಮಗನಿಗೆ ತಾಯಿಯ ತಂದೆಯ ಹೆಸರು ಇಟ್ಟಿದ್ದರೂ ಆಶ್ಚರ್ಯವಿಲ್ಲ. ನಡುವಿನ ಹೆಸರು ಹೆಂಗಸಿನದಾಗಿದ್ದರೆ ಅದನ್ನು ತಪ್ಪೆಂದು ತಿದ್ದಬೇಡಿ. ಆ ಮನೆ ತಾಯಿಯಿಂದ ನಡೆದ ಮನೆ, ಸಾಲನ್ನು ಅವಳಿಂದಲೇ ಮೇಲಕ್ಕೆ ಒಯ್ಯಿರಿ.

ಸೋದರಮಾವನಿಗೆ ಹೆಣ್ಣು ಕೊಟ್ಟಲ್ಲಿ ತಂದೆಯ ಕಡೆಯ ಅಜ್ಜನೂ ತಾಯಿಯ ಕಡೆಯ ಮುತ್ತಜ್ಜನೂ ಒಬ್ಬನೇ ಆಗಿರಬಹುದು, ಅತ್ತಿಯ ಮಗನಿಗೆ ಕೊಟ್ಟಲ್ಲಿ ಎರಡೂ ಕಡೆಯ ಮುತ್ತಜ್ಜ ಒಬ್ಬನೇ ಆಗಿರಬಹುದು. ನಕ್ಷೆಯಲ್ಲಿ ಅವನನ್ನು ಎರಡು ಕಡೆ ಎರಡು ಮನುಷ್ಯರಾಗಿ ಬರೆದವರು ಬಹಳ. ಪ್ರತಿ ಹೆಸರಿಗೂ ಒಂದು ನಂಬರ ಕೊಟ್ಟರೆ ಇದು ತಪ್ಪುತ್ತದೆ.

ಸಂಸ್ಥಾನದ ಊರುಗಳಿಗೆ ದಾರಿ ಬೇರೆ. ಮುಧೋಳ, ಜಮಖಂಡಿ, ರಾಮದುರ್ಗ ಸ್ವತಂತ್ರ ಸಂಸ್ಥಾನಗಳಾಗಿದ್ದವು, ರಾಯಬಾಗ ಕೊಲ್ಹಾಪುರಕ್ಕೆ, ತೇರದಾಳ ಸಾಂಗಲಿಗೆ ಸೇರಿತ್ತು. 1948ರ ಮುಂಚಿನ ಅವುಗಳ ಕಾಗದ ಹೆಚ್ಚಾಗಿ ಮರಾಠಿಯಲ್ಲಿ, ಹಳೆಯವು ಮೋಡಿ ಲಿಪಿಯಲ್ಲಿ (ಮರಾಠಿಯ ಹಳೆಯ ಕೂಡುಬರಹ) ಇರುತ್ತವೆ. ಕೊಲ್ಹಾಪುರ ಮತ್ತು ಪುಣೆಯ ಪತ್ರಾಗಾರಗಳಲ್ಲಿ ಮೋಡಿ ಓದುವವರು ಸಿಗುತ್ತಾರೆ. ಅಲ್ಲಿ "ಬಿನ್" ಎಂದರೆ ಮಗ, "ಕೋಂ" ಎಂದರೆ ಹೆಂಡತಿ. ಶಕ ವರ್ಷಕ್ಕೆ 78, ಫಸಲಿಗೆ (ಕಂದಾಯದ ವರ್ಷ) 590 ಕೂಡಿಸಿದರೆ ಇಸವಿ ಬರುತ್ತದೆ, ವರ್ಷ ಶುರುವಾಗುವ ತಿಂಗಳು ಬೇರೆಯಾದ್ದರಿಂದ ಒಂದು ವರ್ಷ ಆಚೀಚೆ ಹಿಡಿಯಬೇಕು. ಜಿಲ್ಲೆಯ ಹೆಸರೂ ಬೇರೆ: ಇಂದಿನ ವಿಜಯಪುರ, ಬಾಗಲಕೋಟೆ ಕಡೆಯ ಊರುಗಳು 1885ಕ್ಕೆ ಮುಂಚಿನ ಕಡತದಲ್ಲಿ ಕಲಾದಗಿ ಜಿಲ್ಲೆಯಡಿ ಇರುತ್ತವೆ, ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ.

ನಕ್ಷೆಯಲ್ಲಿ ಊಹೆಯ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ. ಒಂದಕ್ಕೊಂದು ಸಂಬಂಧವಿಲ್ಲದ ಎರಡು ಕಡೆ, ಉದಾಹರಣೆಗೆ ಹೆಳವರ ಮಾತು ಮತ್ತು ವಾರಸಾ ನೋಂದು, ಅಥವಾ ಅತ್ತಿಯ ಮಾತು ಮತ್ತು ಶಾಲೆಯ ರಜಿಸ್ಟರು, ಅದೇ ಹೆಸರು ಸಿಕ್ಕ ಮೇಲೆ ಪೆನ್ನಿನಿಂದ ಬರೆಯಿರಿ. ಒಂದೇ ಹೆಸರಿನ ಇಬ್ಬರ ಹುಟ್ಟಿನ ನಡುವೆ 40 ವರ್ಷಕ್ಕಿಂತ ಕಡಿಮೆ ಅಂತರ ಬಂದರೆ ಅವರನ್ನು ಅಜ್ಜ ಮೊಮ್ಮಗ ಎಂದು ಜೋಡಿಸುವ ಮುಂಚೆ ಕಾಕಾ, ಅಣ್ಣನ ಮಗ, ದೊಡ್ಡಪ್ಪನ ಮಗ ಯಾರಾದರೂ ಆಗಬಹುದೇ ಎಂದು ಇನ್ನೊಮ್ಮೆ ಉತಾರ ತೆಗೆದು ನೋಡಿ.